ಕನ್ನಡದ ದಾರಿಯಿಂದ ಜಪಾನಿ, ಕೊರಿಯನ್ ಮತ್ತು ಇನ್ನೆರಡು ಭಾಷೆ

ಜಪಾನಿಯನ್ನೋ ಕೊರಿಯನ್ನನ್ನೋ ತಾನಾಗಿಯೇ ಕಲಿಯಹೊರಟ ಕನ್ನಡಿಗನ ಕೈಗೆ ಮೊದಲು ಸಿಗುವುದು ಇಂಗ್ಲಿಷಿನಲ್ಲಿ ಬರೆದ ಪಠ್ಯಪುಸ್ತಕ. ಆ ಪುಸ್ತಕಗಳು ಕೆಟ್ಟವೇನಲ್ಲ, ಆದರೆ ಅವು ಇಂಗ್ಲಿಷಿನಲ್ಲೇ ಯೋಚಿಸುವವರಿಗಾಗಿ ಬರೆದವು. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ ಎಂಬುದನ್ನು ಪುಟಗಟ್ಟಲೆ ವಿವರಿಸಿ, ಪ್ರತ್ಯಯ ನಾಮಪದದ ಕೊನೆಗೆ ಅಂಟಿಕೊಳ್ಳುವುದನ್ನು ಒಂದು ಸೋಜಿಗದಂತೆ ತೋರಿಸಿ, ನಮಗೆ ಹುಟ್ಟಿನಿಂದ ಗೊತ್ತಿರುವುದನ್ನೇ ಹೊಸ ಕಷ್ಟವನ್ನಾಗಿ ಮಾಡಿ ಕೊಡುತ್ತವೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟವರು ಆಗುಂಬೆ ಘಾಟಿ ಇಳಿದು ಉಡುಪಿ ಸುತ್ತಿ ಬಂದಂತೆ ಇದು.

ನಾನು ತೀರ್ಥಹಳ್ಳಿಯ ಹತ್ತಿರದ ಹಳ್ಳಿಯೊಂದರಲ್ಲಿ ಅಡಿಕೆ ತೋಟ ನೋಡಿಕೊಂಡಿರುವವನು. ಕೆಲವು ವರ್ಷಗಳಿಂದ ಜಪಾನಿ, ಕೊರಿಯನ್ ಮತ್ತು ಇಂಡೊನೇಷ್ಯನ್ ಭಾಷೆಗಳನ್ನು, ಸ್ವಲ್ಪ ಮಟ್ಟಿಗೆ ಚೀನಿಯನ್ನು, ಹವ್ಯಾಸಕ್ಕಾಗಿ ಕಲಿಯುತ್ತಿದ್ದೇನೆ. "ಎಂತಕ್ಕೆ ಮಾರಾಯ್ರೆ ಇದೆಲ್ಲ, ನಮ್ಮ ಅಡಿಕೆ ಜಪಾನಿಗೆ ಹೋಗ್ತದಾ?" ಎಂದು ಕೇಳುವವರಿಗೆ ತೋರಿಸಲು ನನ್ನಲ್ಲಿ ಲಾಭದ ಲೆಕ್ಕವಿಲ್ಲ. ನಮ್ಮ ಪೇಟೆಯ ಅಂಗಡಿಯಾತ ಗಿರಾಕಿಯನ್ನು ನೋಡಿ ಕನ್ನಡದಿಂದ ಕೊಂಕಣಿಗೆ, ಕೊಂಕಣಿಯಿಂದ ತುಳುವಿಗೆ ಹೊರಳುವುದನ್ನು ಯಾರೂ ಪಾಂಡಿತ್ಯವೆಂದು ಕರೆಯುವುದಿಲ್ಲ. ಹಾಗಾಗಿ ಹಲವು ಭಾಷೆ ಕಲಿಯುವುದರಲ್ಲಿ ವಿಶೇಷವೇನೂ ಇಲ್ಲ. ಅವು ದೂರದವು ಎಂಬುದಷ್ಟೇ ಜನರ ಪ್ರಶ್ನೆಗೆ ಕಾರಣ.

ಆದರೆ ದೂರದವು ಎಂಬುದೂ ಪೂರ್ತಿ ಸರಿಯಲ್ಲ. ಜಪಾನಿಯಲ್ಲಿ 'ತಬೆತೆ ಮಿರು' ಎಂದರೆ ತಿಂದು ನೋಡುವುದು. 'ತಬೆತೆ' ತಿಂದು, 'ಮಿರು' ನೋಡು. ಇಂಗ್ಲಿಷ್ ಪುಸ್ತಕ ಇದನ್ನು 'ಪ್ರಯತ್ನಾರ್ಥಕ' ಎಂಬ ಪ್ರತ್ಯೇಕ ನಿಯಮವಾಗಿ ಕಲಿಸಿ ಅಭ್ಯಾಸ ಕೊಡುತ್ತದೆ. ನಾವು ಓದಿದ ಕ್ಷಣವೇ ಬಳಸಬಹುದು. 'ಕತ್ತೆ ಒಕು' ಎಂದರೆ ಮುಂದೆ ಬೇಕಾದೀತೆಂದು ಕೊಂಡಿಡುವುದು, ಇಲ್ಲಿಯೂ 'ಒಕು' ಎಂದರೆ ಇಡು. (ಕತ್ತೆ ಎಂಬುದು 'ಕೊಂಡು' ಆಗುವುದು ನಮ್ಮ ಮನೆಯ ಮಕ್ಕಳಿಗೆ ಇನ್ನೂ ಹಳತಾಗಿಲ್ಲದ ತಮಾಷೆ.) 'ಕಿನೋ ಕಿತ ಹಿತೊ' ಎಂಬ ಮೂರು ಪದಗಳನ್ನು ಅದೇ ಕ್ರಮದಲ್ಲಿ ಇಟ್ಟರೆ 'ನಿನ್ನೆ ಬಂದ ಮನುಷ್ಯ' ಆಗುತ್ತದೆ. ಕೊರಿಯನ್ನಿನಲ್ಲಿಯೂ ತಿಂದು ನೋಡುವುದಕ್ಕೆ ಇದೇ ಜೋಡಣೆ. ಕ್ರಿಯಾಪದವಂತೂ ನಮ್ಮದಕ್ಕಿಂತ ಸರಳ. ಬಂದನು, ಬಂದಳು, ಬಂದರು, ಬಂದೆ ಎಲ್ಲಕ್ಕೂ ಜಪಾನಿಯವರಿಗೆ 'ಕಿತ' ಒಂದೇ ಸಾಕು. ಇಷ್ಟು ಹೋಲಿಕೆ ಕಂಡು, ಈ ಭಾಷೆಗಳು ದ್ರಾವಿಡದ ದಾಯಾದಿಗಳೆಂದು ಸಾಧಿಸಲು ಹೊರಡುವ ಉತ್ಸಾಹಿಗಳಿದ್ದಾರೆ. ಬಹುಪಾಲು ಭಾಷಾವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಟರ್ಕಿ, ಮಂಗೋಲಿಯಾಗಳ ಭಾಷೆಗಳಲ್ಲೂ ವಾಕ್ಯ ಹೀಗೆಯೇ ಸಾಗುತ್ತದೆ. ಕಲಿಯುವವನಿಗೆ ಬೇಕಾದದ್ದು ವಾಕ್ಯದ ಹೊಂದಿಕೆ, ರಕ್ತಸಂಬಂಧವಲ್ಲ.

ಲಿಪಿಯ ವಿಷಯದಲ್ಲಿಯೂ ರೋಮನ್ ಅಕ್ಷರಗಳ ಮೂಲಕ ಹೋಗುವುದು ನಮಗೆ ನಷ್ಟ. ಜಪಾನಿಯಲ್ಲಿ ಕಿತೆ ಎಂದರೆ ಬಂದು, ಕಿತ್ತೆ ಎಂದರೆ ಕತ್ತರಿಸಿ, ಕೀತೆ ಎಂದರೆ ಕೇಳಿ. ಹ್ರಸ್ವ, ದೀರ್ಘ, ಒತ್ತಕ್ಷರ ಇವನ್ನು ಬೇರೆಬೇರೆಯಾಗಿ ಕೇಳುವ ಕಿವಿಯೂ ಬರೆಯುವ ಅಕ್ಷರವೂ ನಮ್ಮಲ್ಲಿ ಆಗಲೇ ಇವೆ, ಆದ್ದರಿಂದ ಹಿರಗಾನ ಎಂಬ ಜಪಾನಿ ಅಕ್ಷರಮಾಲೆ ಕೈಗೆ ಹತ್ತುವವರೆಗೆ ಕನ್ನಡದಲ್ಲೇ ಬರೆದುಕೊಳ್ಳುವುದು ಒಳ್ಳೆಯದು. ಹಿರಗಾನದ 46 ಅಕ್ಷರಗಳ ಕ್ರಮವೂ ಅ, ಇ, ಉ, ಎ, ಒ ಎಂದು ಆರಂಭವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಸಿದ್ಧಂ ಎಂಬ ಹಳೆಯ ಭಾರತೀಯ ಲಿಪಿಯಲ್ಲಿ ಸಂಸ್ಕೃತ ಕಲಿತ ಬೌದ್ಧ ಭಿಕ್ಷುಗಳ ಮೂಲಕ ನಮ್ಮ ವರ್ಣಮಾಲೆಯ ಕ್ರಮ ಅಲ್ಲಿಗೆ ಮುಟ್ಟಿದ್ದರ ಫಲ ಅದು.

ಕೊರಿಯನ್ ಲಿಪಿಯನ್ನು ಸೆಜೊಂಗ್ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದನು. ಉಚ್ಚರಿಸುವಾಗ ನಾಲಿಗೆ, ತುಟಿ, ಗಂಟಲು ತಾಳುವ ಆಕಾರವನ್ನೇ ಅಕ್ಷರಕ್ಕೆ ಕೊಟ್ಟಿರುವುದರಿಂದ ಓದಲು ಕಲಿಯುವುದು ಸುಲಭ, ಕಷ್ಟವಿರುವುದು ಉಚ್ಚಾರದಲ್ಲಿ. ಒಂದೇ ಅಕ್ಷರ ಪದದ ಮೊದಲಿಗೆ ಬಂದರೆ 'ಪ', ಸ್ವರಗಳ ನಡುವೆ ಬಂದರೆ 'ಬ'. ಭದ್ರಾವತಿಯಲ್ಲಿ ಬೆಳೆದು ತಮಿಳು ಓದಬಲ್ಲವರಿಗೆ ಇದು ಹೊಸದೇ ಅಲ್ಲ, ಏಕೆಂದರೆ ತಮಿಳಿನಲ್ಲೂ ಹಾಗೆಯೇ. ಆದರೆ ಅಲ್ಪಪ್ರಾಣ, ಮಹಾಪ್ರಾಣಗಳಾಚೆ ಗಂಟಲು ಬಿಗಿದು ಹೇಳುವ ಮೂರನೆಯ ಬಗೆಯ ವ್ಯಂಜನಗಳಿಗೆ ನಮ್ಮ ಯಾವ ಭಾಷೆಯೂ ನೆರವಾಗದು. ಕೇಳಿ ಕೇಳಿಯೇ ಹಿಡಿಯಬೇಕು.

ನನಗೆ ಎಲ್ಲಕ್ಕಿಂತ ರುಚಿಸಿದ್ದು ಬಹುವಚನ ಹಾಕಿ ಗೌರವಿಸುವ ನಮ್ಮ ರೂಢಿಯನ್ನು ಈ ಎರಡು ಭಾಷೆಗಳ ಎದುರು ಇಟ್ಟು ನೋಡುವುದು. ಹೊರಗಿನವರು ಬಂದು ಕೇಳಿದರೆ ನಾವು "ನಮ್ಮ ತಂದೆಯವರು ಶಿವಮೊಗ್ಗಕ್ಕೆ ಹೋಗಿದ್ದಾರೆ" ಎನ್ನುತ್ತೇವೆ. ಕೊರಿಯನ್ನರೂ ಹಾಗೆಯೇ, ಕೇಳುವವರು ಯಾರೇ ಇರಲಿ, ತಂದೆಗೆ ಸಲ್ಲಬೇಕಾದ ಗೌರವರೂಪವನ್ನು ಬಿಡುವುದಿಲ್ಲ. ಜಪಾನಿಯವರು ಮಾತ್ರ ಮನೆಯೊಳಗೆ 'ಒತೋಸಾನ್' ಎಂದು ಕರೆಯುವ ತಂದೆಯನ್ನೇ ಹೊರಗಿನವರ ಎದುರು 'ಚಿಚಿ' ಎಂದು ಇಳಿಸಿ ಹೇಳಬೇಕು. ಕಚೇರಿಗೆ ಬಂದ ಅಪರಿಚಿತರ ಎದುರು ತಮ್ಮ ಮೇಲಧಿಕಾರಿಯ ಹೆಸರಿಗೂ ಗೌರವಸೂಚಕ 'ಸಾನ್' ಸೇರಿಸಬಾರದು. ಹಿರಿತನಕ್ಕಿಂತ ನಮ್ಮವರು, ಹೊರಗಿನವರು ಎಂಬ ಭೇದವೇ ಅಲ್ಲಿ ಮೇಲಾಗುತ್ತದೆ. ವ್ಯಾಕರಣ ಅರ್ಥವಾದರೂ ನಾಲಿಗೆ ಒಪ್ಪದ ಸ್ಥಳ ಇದು, ಮತ್ತು ಇಲ್ಲಿ ಕನ್ನಡದ ಅಭ್ಯಾಸವನ್ನು ಪಕ್ಕಕ್ಕಿಡದೆ ದಾರಿಯಿಲ್ಲ.

ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ನಿತ್ಯಬಳಕೆಯ ಪಟ್ಟಿಯಲ್ಲಿ 2136 ಚೀನೀ ಮೂಲದ ಅಕ್ಷರಗಳಿವೆ. ಇವುಗಳಿಗೆ ಅಡ್ಡದಾರಿಯಿಲ್ಲ. ಆದರೆ ಹಲವು ಭಾಷೆಗಳನ್ನು ಕಲಿಯುವವನಿಗೆ ಈ ಶ್ರಮ ಮೂರು ಕಡೆ ಫಲ ಕೊಡುತ್ತದೆ: ಗ್ರಂಥಾಲಯ ಜಪಾನಿಯಲ್ಲಿ ತೊಶೊಕಾನ್, ಕೊರಿಯನ್ನಿನಲ್ಲಿ ತೊಸೊಗ್ವಾನ್, ಚೀನಿಯಲ್ಲಿ ತುಶುಗ್ವಾನ್. ಸಂಸ್ಕೃತದ ತತ್ಸಮಗಳು ನಮಗೆ ಮಲಯಾಳದಲ್ಲೂ ಬಂಗಾಳಿಯಲ್ಲೂ ಹಿಡಿಗೆ ಸಿಗುವ ಬಗೆಯೇ ಇದು. ಪದದ ಅರ್ಥವನ್ನೇ ಬದಲಿಸುವ ಚೀನಿಯ ನಾಲ್ಕು ಬಗೆಯ ದನಿಯ ಏರಿಳಿತಗಳನ್ನು ಒಬ್ಬನೇ ಕೂತು ಕಲಿಯುವುದು ಕಷ್ಟ, ತಿದ್ದುವವರು ಬೇಕು. ಆದ್ದರಿಂದ ಅದನ್ನು ಓದುವುದಕ್ಕಷ್ಟೇ ಇಟ್ಟುಕೊಂಡಿದ್ದೇನೆ.

ಇಂಡೊನೇಷ್ಯನ್ ಸುಲಭವೆಂದು ಎಲ್ಲರೂ ಹೇಳುತ್ತಾರೆ. ರೋಮನ್ ಲಿಪಿ, ಕಾಲಕ್ಕೆ ತಕ್ಕಂತೆ ಬದಲಾಗದ ಕ್ರಿಯಾಪದ. ಆರಂಭ ಸಲೀಸೇ ಹೌದು. ಬಳಿಕ ಪೂರ್ವಪ್ರತ್ಯಯಗಳು ಬರುತ್ತವೆ. 'ತುಲಿಸ್' (ಬರೆ) ಎಂಬ ಧಾತು 'ಮೆನುಲಿಸ್' ಆಗಿ ಮೊದಲಕ್ಷರವನ್ನೇ ಕಳೆದುಕೊಳ್ಳುತ್ತದೆ, ನಿಘಂಟಿನಲ್ಲಿ ಹುಡುಕಬೇಕಾದದ್ದು ಮಾತ್ರ ಧಾತುವನ್ನು. 1928ರ ಅಕ್ಟೋಬರ್ 28ರ ಯುವಜನರ ಪ್ರತಿಜ್ಞೆಯಲ್ಲಿ ಐಕ್ಯದ ಭಾಷೆಯೆಂದು ಸ್ವೀಕೃತವಾದ ಇದು ಇಂದಿಗೂ ಅಲ್ಲಿನ ಬಹಳಷ್ಟು ಜನರಿಗೆ ಮನೆಮಾತಲ್ಲ. ಮನೆಯಲ್ಲಿ ಜಾವಾದ ಅಥವಾ ಸುಂಡಾದ ಮಾತು, ಪೇಟೆಯಲ್ಲಿ ಇದು.

ಅಭ್ಯಾಸದ ವೇಳಾಪಟ್ಟಿಯನ್ನು ಇಲ್ಲಿ ಹವಾಮಾನವೇ ನಿಶ್ಚಯಿಸುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಆ್ಯಪ್‌ಗಳು ನಿಷ್ಪ್ರಯೋಜಕ, ಆದ್ದರಿಂದ ಆ ತಿಂಗಳುಗಳು ನೋಟ್‌ಬುಕ್ಕಿನಲ್ಲಿ ಅಕ್ಷರ ಬರೆಯುವುದಕ್ಕೆ ಮೀಸಲು. ಜಪಾನ್ ಫೌಂಡೇಶನ್ ಉಚಿತವಾಗಿ ಕೊಡುವ ಪಾಠಗಳನ್ನೂ ಧ್ವನಿಯನ್ನೂ ಮೇ ತಿಂಗಳಲ್ಲೇ ಡೌನ್‌ಲೋಡ್ ಮಾಡಿಡುತ್ತೇನೆ. ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವಾಗ ಕೈಗೆ ಕೆಲಸ, ಕಿವಿಗೆ ಬಿಡುವು; ಆಗ ಕೇಳುವ ಅಭ್ಯಾಸ. ಸುಲಿಯುವ ಯಂತ್ರ ತಂದ ಮನೆಗಳಿಗೆ ಈ ಸೌಕರ್ಯ ತಪ್ಪಿದೆ, ಅದರ ಸದ್ದಿನಲ್ಲಿ ಏನೂ ಕೇಳಿಸದು.

ಮುಂದಿನ ಸರದಿ ಥಾಯ್ ಭಾಷೆಯದು. ಅದರ 44 ವ್ಯಂಜನಗಳು ಕ, ಖ, ಗ, ಘ, ಙ ಎಂಬ ನಮ್ಮ ಕ್ರಮವನ್ನೇ ಅನುಸರಿಸುತ್ತವೆ. ಆದರೆ ಗ, ಘ ಸ್ಥಾನದ ಅಕ್ಷರಗಳನ್ನು ಇಂದು ಅಲ್ಲಿ 'ಖ' ಎಂದೇ ಉಚ್ಚರಿಸುತ್ತಾರೆ, ಮತ್ತು ಬರೆದ ಅಕ್ಷರ ಅವರು ಮಾಡಿಕೊಂಡ ಮೇಲಿನ, ನಡುವಿನ, ಕೆಳಗಿನ ಎಂಬ ಮೂರು ಗುಂಪುಗಳಲ್ಲಿ ಯಾವುದರದ್ದು ಎಂಬುದು ಉಚ್ಚಾರದ ಏರಿಳಿತವನ್ನು ನಿರ್ಧರಿಸುತ್ತದೆ. ಹಾಗಾಗಿ ಅದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡರೆ ಬೇಕಾದ ಸುಳಿವೇ ಅಳಿಸಿಹೋಗುತ್ತದೆ. ಈ ಬಾರಿ ಮೊದಲ ದಿನದಿಂದಲೇ ಅವರ ಲಿಪಿಯಲ್ಲೇ ಬರೆಯಬೇಕು.