ಹಳೆ ಎಲ್‌ಪಿ ಕೊಳ್ಳುವ ಮುಂಚೆ

ಮುಂಬೈಯ ಚೋರ್ ಬಜಾರಿನಲ್ಲಿ ರಾಕ್ ಎಲ್‌ಪಿ (ಗ್ರಾಮಫೋನ್ ತಟ್ಟೆ) ಹುಡುಕುವ ಮಾಟುಂಗ, ಡೊಂಬಿವಲಿಯ ಗೆಳೆಯರೇ, ಕವರ್ ನೋಡಿ ಮರುಳಾಗಬೇಡಿ. ತಟ್ಟೆ ಹೊರತೆಗೆದು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಉಗುರಿಗೆ ತಾಗುವಷ್ಟು ಆಳದ ಗೀರಿದ್ದರೆ ಬಿಟ್ಟುಬಿಡಿ, ಸೂಜಿ ಅಲ್ಲಿ ಹಾರಬಹುದು. ಬಿಳಿ ಚುಕ್ಕೆ ನಮ್ಮ ಮಳೆಗಾಲದ ಬೂಷ್ಟು; ತೊಳೆದರೆ ಬಹುಪಾಲು ಹೋಗುತ್ತದೆ. ಲೇಬಲ್ ಪಕ್ಕದ ಗೆರೆಗಳನ್ನು ಇನ್ನೂ ಹುಷಾರಾಗಿ ನೋಡಿ. ಅಲ್ಲಿ ಸುತ್ತು ಚಿಕ್ಕದು, ಅಷ್ಟೇ ಹೊತ್ತಿನ ಸದ್ದು ಕಡಿಮೆ ಜಾಗದಲ್ಲಿ ತುಂಬಿರುತ್ತದೆ, ಹಾಗಾಗಿ ಕರಕರ ಮೊದಲು ಕೇಳುವುದೂ ಅಲ್ಲೇ.

ಬ್ರಿಟನ್ನಿನ ರಾಕ್ ತಂಡ ಯೆಸ್‌ನ 'ಕ್ಲೋಸ್ ಟು ದ ಎಡ್ಜ್' (1972) ಕೊಳ್ಳುವವರಿಗೆ ಇದು ಮುಖ್ಯ. ಮೊದಲ ಬದಿಯೆಲ್ಲ ಒಂದೇ ಹಾಡು, 18 ನಿಮಿಷಕ್ಕೂ ಹೆಚ್ಚು. ತಂಡದ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅವರ ಚರ್ಚ್ ಆರ್ಗನ್ ಮೊಳಗುವುದು ಅರ್ಧ ದಾಟಿದ ಮೇಲೆ, ಅಂದರೆ ಸೂಜಿ ಲೇಬಲ್ ಕಡೆ ಸರಿದಾಗ. ಶುರುವಿನ ಹಕ್ಕಿ, ನೀರಿನ ಸದ್ದು ಲೋಕಲ್ ಟ್ರೇನಿನಲ್ಲಿ ಕೇಳಿಸುವುದೇ ಇಲ್ಲ, ಮನೆಯಲ್ಲೇ ಹಾಕಿ.

ಒಂದು ಬದಿಗೆ 20 ನಿಮಿಷ ಚಿಲ್ಲರೆ ಎಂಬ ಮಿತಿಯೇ ಇಂಥ ಉದ್ದ ಹಾಡುಗಳಿಗೆ ಬಿಗಿ ತಂದಿತು ಅನ್ನಿಸುತ್ತದೆ. ಮರುವರ್ಷದ ಅವರದೇ 'ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್' ನಾಲ್ಕು ಬದಿಗೆ ನಾಲ್ಕೇ ಹಾಡು. ಅದರಲ್ಲಿ ಎಳೆದಾಟ ಜಾಸ್ತಿ. ಮೊದಲ ಬದಿ ಮಾತ್ರ ನನಗೆ ಪ್ರಾಣ.