ನಾಲ್ವರು ಗೃಹಮಾತೆಯರ ಲೆಕ್ಕ

ಆಸರೆ ಬೇಕಾದ ಮಕ್ಕಳಿರುವ ಬಾಲಮಂದಿರಗಳಲ್ಲಿ ಕೆಲಸಕ್ಕೆ ಜನ ನಿಲ್ಲುವುದಿಲ್ಲ ಎಂದರೆ ಎಲ್ಲರೂ ಸಂಬಳದ ಕಡೆ ಬೆರಳು ತೋರಿಸುತ್ತಾರೆ. ಸಂಬಳ ಕಡಿಮೆಯೇ, ಸುಳ್ಳಲ್ಲ. ಆದರೆ ಆ ಸಂಬಳ ಗೊತ್ತಿದ್ದೇ ಸೇರಿದವರು ಮೂರೇ ತಿಂಗಳಿಗೆ ಯಾಕೆ ಬಿಡುತ್ತಾರೆ? ಡ್ಯೂಟಿ ಚಾರ್ಟ್ ತೆಗೆದು ನೋಡಿ.

2016ರ ಬಾಲನ್ಯಾಯ ಮಾದರಿ ನಿಯಮಗಳು 100 ಮಕ್ಕಳ ಸಂಸ್ಥೆಗೆ ಸೂಚಿಸುವುದು ನಾಲ್ವರು ಗೃಹಮಾತೆ ಅಥವಾ ಗೃಹಪಿತರನ್ನು, ಅಂದರೆ ಮಕ್ಕಳ ಜೊತೆಗಿದ್ದು ನೋಡಿಕೊಳ್ಳುವವರನ್ನು. ದಿನಕ್ಕೆ ಮೂರು ಪಾಳಿ, ವಾರಕ್ಕೆ 21. ವಾರದ ರಜೆ ಕಳೆದರೆ ಒಬ್ಬರಿಗೆ 6 ಪಾಳಿ, ನಾಲ್ವರಿಗೆ 24. ಅಂದರೆ ಪಾಳಿಗೆ ಒಬ್ಬರೇ, ಮೇಲೆ ಉಳಿಯುವುದು ಬರೀ 3. ಒಬ್ಬರು ಬಿಟ್ಟರೆ 18. ಕಡಿಮೆ ಬಿದ್ದ 3 ಪಾಳಿ ಉಳಿದ ಮೂವರ ತಲೆಗೆ. ವಾರದ ರಜೆ ಹೋಯಿತು. ಎರಡನೆಯವರು ಬಿಡುವುದು ಇಲ್ಲಿಂದಲೇ. ಹಾಗಾಗಿ ಪೊಲೀಸ್ ಪರಿಶೀಲನೆ ಮುಗಿದ, ದಿನಗೂಲಿಗೆ ಬರಬಲ್ಲ ಇಬ್ಬರ ಹೆಸರು ಮೊದಲೇ ಸಿದ್ಧವಿರಬೇಕು. ಪರಿಶೀಲನೆಯನ್ನು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ನಿಯಮಗಳೇ (2020) ಕಡ್ಡಾಯ ಮಾಡಿವೆ. ಅದಕ್ಕೆ ಸಮಯ ಹಿಡಿಯುತ್ತದೆ, ಆಯ್ಕೆಯಾದ ದಿನವೇ ಅರ್ಜಿ ಹಾಕಿಸಿ. ಪ್ರಮಾಣಪತ್ರ ಬರುವ ಮೊದಲು ಯಾರನ್ನೂ ಪಾಳಿಗೆ ಹಾಕಬೇಡಿ, ಎಷ್ಟೇ ಅವಸರವಿರಲಿ.

ಜಾಹೀರಾತಿನಲ್ಲಿ ‘ಸೇವಾ ಮನೋಭಾವವುಳ್ಳವರು’ ಅಂತ ಬರೆಯುವುದನ್ನು ಬಿಟ್ಟರೆ ಒಳ್ಳೆಯದು. ತಿಂಗಳಿಗೆ ಎಷ್ಟು ರಾತ್ರಿ ಪಾಳಿ, ಸಂಬಳ ಯಾರು ಕೊಡುತ್ತಾರೆ, ಗುತ್ತಿಗೆ ಎಷ್ಟು ತಿಂಗಳದ್ದು, ಇದನ್ನು ಬರೆಯಿರಿ. ಭಾಷೆಯನ್ನೂ ಕೇಳಿ. ರಾಯಚೂರನ್ನೇ ನೋಡಿ, ಅದು ಮುಂಬೈ–ಚೆನ್ನೈ ರೈಲು ಮಾರ್ಗದ ನಿಲ್ದಾಣ. ರೈಲಿನಲ್ಲಿ ಸಿಕ್ಕ ಮಗು ತೆಲುಗು ಇಲ್ಲವೇ ಹಿಂದಿ ಮಾತಾಡಬಹುದು, ತಾಂಡಾದ ಮಗು ಲಂಬಾಣಿ. ನಾಲ್ವರಲ್ಲಿ ಈ ಭಾಷೆಗಳು ಹಂಚಿಹೋಗಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಸಂದರ್ಶನದಲ್ಲಿ ‘ಮಕ್ಕಳೆಂದರೆ ಇಷ್ಟವೇ?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ಬದಲಿಗೆ ಹೀಗೆ ಕೇಳಿ: ‘ರಾತ್ರಿ 11 ಗಂಟೆ. ಹುಡುಗಿಯೊಬ್ಬಳು ಬಂದು, ಅಕ್ಕಾ, ಯಾರಿಗೂ ಹೇಳಂಗಿಲ್ಲ ಅಂದ್ರ ಒಂದು ಮಾತು ಹೇಳ್ತೀನಿ ಅಂತಾಳ. ಏನು ಮಾಡ್ತೀರಿ?’ ‘ಹೇಳೋದಿಲ್ಲ ಅಂತ ಆಣೆ ಮಾಡ್ತೀನಿ’ ಎಂದವರು ಪ್ರೀತಿಯಿಂದಲೇ ಹೇಳಿರುತ್ತಾರೆ, ಆದರೆ ಆ ಆಣೆ ಉಳಿಸಲಾಗದು. ಲೈಂಗಿಕ ದೌರ್ಜನ್ಯ ಗೊತ್ತಾದರೆ ವರದಿ ಮಾಡುವುದು ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಕಡ್ಡಾಯ. ಕೇಳಿಸಿಕೊಳ್ಳುತ್ತೇನೆ, ಕೆದಕುವುದಿಲ್ಲ, ಅಧೀಕ್ಷಕರನ್ನು ಎಬ್ಬಿಸುತ್ತೇನೆ ಎನ್ನುವವರು ಬೇಕು. ‘ಗದರಿಸಿ ಮಲಗಿಸ್ತೀನಿ’ ಎಂದವರಿಗೆ ಚಹಾ ಕೊಟ್ಟು ಕಳಿಸಿ.

ಹೊಸಬರನ್ನು ಮೊದಲ ಎರಡು ವಾರ ಒಂಟಿಯಾಗಿ ರಾತ್ರಿಗೆ ಬಿಡಬಾರದು. ಪಾಳಿ ಬದಲಾಗುವಾಗ 15 ನಿಮಿಷ ಇಬ್ಬರೂ ಇರಲಿ. ಪಾಳಿ ಪುಸ್ತಕದಲ್ಲಿ ‘ಎಲ್ಲ ಸರಿ ಇದೆ’ ಎಂಬ ಸಾಲು ದಿನವೂ ಕಾಣುತ್ತಿದ್ದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ಯಾರು ಊಟ ಬಿಟ್ಟರು, ಯಾರು ಹಾಸಿಗೆ ಒದ್ದೆ ಮಾಡಿಕೊಂಡರು, ಯಾವ ಮಾತ್ರೆ ಎಷ್ಟೊತ್ತಿಗೆ ಕೊಟ್ಟದ್ದು, ಇವು ಬೇಕು. ಹಿಂದಿನ ಪಾಳಿಯ ಸುದ್ದಿ ಗೊತ್ತಿಲ್ಲದವರೇ ಬೇಗ ಮಗುವಿನ ಮೇಲೆ ಕೈಯೆತ್ತುತ್ತಾರೆ. ಸಂಸ್ಥೆಯಲ್ಲಿ ಮಗುವಿಗೆ ಹೊಡೆಯುವುದು ಬಾಲನ್ಯಾಯ ಕಾಯ್ದೆಯ 82ನೇ ಕಲಮಿನ ಅಪರಾಧ, ಕೆಲಸವೂ ಹೋಗುತ್ತದೆ.

ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿದ ಸಮಾಜ ಕಾರ್ಯಕರ್ತರದು ಬೇರೆ ಕಥೆ. ಅವರು ಕಾಯಂ ಹುದ್ದೆಯ ಪರೀಕ್ಷೆಗೆ ಓದುತ್ತಲೇ ಇರುತ್ತಾರೆ, ತಪ್ಪೇನಿಲ್ಲ. ಮಗುವಿನ ಮನೆ, ಕುಟುಂಬದ ಸ್ಥಿತಿ ಹೇಳುವ ಸಾಮಾಜಿಕ ತನಿಖಾ ವರದಿ 15 ದಿನದಲ್ಲಿ ಆಗಬೇಕು. ದೇವದುರ್ಗದ ತಾಂಡಾಕ್ಕೆ ಹೋದರೆ ಮನೆಗೆ ಬೀಗ, ತಂದೆತಾಯಿ ಗುಳೆ ಹೋಗಿದ್ದಾರೆ. ಮತ್ತೆ ಹೋಗಬೇಕು, ಬಸ್ ಚಾರ್ಜು ಕೈಯಿಂದಲೇ. ಈ ಬಿಲ್ಲನ್ನು ಆಯಾ ತಿಂಗಳೇ ತೀರಿಸಿದರೆ ಸಾಕು, ಇನ್ನೊಂದು ವರ್ಷ ಇರುತ್ತಾರೆ.

ಹೊರಗುತ್ತಿಗೆಯವರಾದರೆ ಪಿಎಫ್ ಪಾಸ್‌ಬುಕ್ಕನ್ನು ಪ್ರತಿ ತಿಂಗಳೂ ನೋಡಿಸಿ. ಹಿಡಿದ ಶೇ 12 ಜಮೆಯಾಗದಿದ್ದರೆ ಅದೇ ತಿಂಗಳು ಗೊತ್ತಾಗಲಿ. ಯುಗಾದಿ, ಮುದಗಲ್ಲ ಮೊಹರಂ, ಊರ ಜಾತ್ರೆಗಳ ರಜೆಯನ್ನು ಎರಡು ತಿಂಗಳು ಮೊದಲೇ ಗೋಡೆಗೆ ಅಂಟಿಸಿ, ಹೋದ ಸಲ ಹಬ್ಬಕ್ಕೆ ಉಳಿದವರಿಗೆ ಈ ಸಲ ಮೊದಲ ಆಯ್ಕೆ ಕೊಡಿ.