ಹುಟ್ಟಿನೊಡನೆ ಬಂದ ನಂಬಿಕೆಯೂ ಮುಕ್ತಿಯ ಪ್ರಶ್ನೆಯೂ

ದೇವರ ಮುಂದೆ ಕೈ ಜೋಡಿಸಬೇಕೋ, ಮಂಡಿಯೂರಬೇಕೋ, ಹಣೆಯನ್ನು ನೆಲಕ್ಕೆ ಮುಟ್ಟಿಸಬೇಕೋ ಎಂಬುದನ್ನು ಯಾವ ಮಗುವೂ ತಾನಾಗಿ ಆರಿಸಿಕೊಳ್ಳುವುದಿಲ್ಲ. ಮನೆಯ ಹಿರಿಯರನ್ನು ನೋಡಿ ಕಲಿಯುತ್ತದೆ. ಬುದ್ಧಿ ಬಲಿತ ಮೇಲೆ ಮತ ಬದಲಿಸುವವರು ಇದ್ದಾರಾದರೂ, ಬಹುಪಾಲು ಜನರು ಹುಟ್ಟಿದ ಮತದಲ್ಲೇ ಬಾಳಿ ಅದರಲ್ಲೇ ಕಣ್ಣು ಮುಚ್ಚುತ್ತಾರೆ. ಹೀಗಿರುವಾಗ ಸರಿಯಾದ ನಂಬಿಕೆಯಿಲ್ಲದವನಿಗೆ ಮುಕ್ತಿಯೂ ಇಲ್ಲವೆಂದರೆ, ತೀರ್ಪು ತೊಟ್ಟಿಲಲ್ಲೇ ಆಗಿಹೋದಂತಲ್ಲವೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

1549ರಲ್ಲಿ ಜಪಾನಿನ ಕಾಗೋಷಿಮಾಕ್ಕೆ ಬಂದಿಳಿದ ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ ಫ್ರಾನ್ಸಿಸ್ ಕ್ಸೇವಿಯರ್ ಈ ಪ್ರಶ್ನೆಯನ್ನು ಮುಖಾಮುಖಿಯಾಗಿ ಎದುರಿಸಬೇಕಾಯಿತು. ಹೊಸದಾಗಿ ಕ್ರೈಸ್ತರಾದವರು ಸತ್ತುಹೋದ ತಮ್ಮ ತಂದೆತಾಯಿಯರ, ಮಕ್ಕಳ ಗತಿಯೇನೆಂದು ಕೇಳಿದರು. ನರಕದಿಂದ ಬಿಡುಗಡೆಯಿಲ್ಲವೆಂಬ ಉತ್ತರ ಕೇಳಿ ಅವರು ಅತ್ತರೆಂದೂ, ಅವರ ಅಳು ನೋಡಿ ತನಗೂ ಸಂಕಟವಾಯಿತೆಂದೂ ಅವನೇ 1552ರ ಪತ್ರದಲ್ಲಿ ಬರೆದುಕೊಂಡಿದ್ದಾನೆ. ಕ್ರಿಸ್ತನ ಸಂದೇಶವಾದ ಸುವಾರ್ತೆಯನ್ನು ಕೇಳುವ ಅವಕಾಶವೇ ಸತ್ತವರಿಗೆ ಒದಗಿರಲಿಲ್ಲ. ಹಡಗು ತಡವಾಗಿ ಬಂದುದು ಅವರ ತಪ್ಪು ಹೇಗಾದೀತು? ಅಳುತ್ತಿದ್ದವರಲ್ಲಿ ಇದ್ದ ನ್ಯಾಯಪ್ರಜ್ಞೆ ಆ ಉತ್ತರದಲ್ಲಿ ಇರಲಿಲ್ಲವೆಂದೇ ನನಗೆ ತೋರುತ್ತದೆ.

ಇದಕ್ಕೂ ನಾಲ್ಕು ಶತಮಾನಗಳಿಗಿಂತ ಹಿಂದೆ ಮುಸ್ಲಿಂ ಚಿಂತಕ ಅಲ್ ಘಜಾಲಿ (1058–1111) ಇದೇ ವಿಷಯವನ್ನು ಹೆಚ್ಚು ಎಚ್ಚರದಿಂದ ನೋಡಿದ್ದ. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ, ಯೆಹೂದಿಗಳ ಮಕ್ಕಳು ಯೆಹೂದಿಗಳಾಗಿ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿ ಬೆಳೆಯುವುದನ್ನು ಕಂಡದ್ದೇ ತನ್ನನ್ನು ಅನ್ವೇಷಣೆಗೆ ಹಚ್ಚಿತೆಂದು ಅವನು ಹೇಳಿದ್ದಾನೆ. ಪ್ರವಾದಿ ಮುಹಮ್ಮದರ ಹೆಸರನ್ನೇ ಕೇಳದವರಿಗೂ, ಅವರ ಕುರಿತು ವಿಕೃತವಾದ ಸುದ್ದಿಯನ್ನಷ್ಟೇ ಕೇಳಿ ಬೆಳೆದವರಿಗೂ ದೇವರ ಕರುಣೆಯಲ್ಲಿ ಪಾಲಿದೆ ಎಂದು ಅವನು ವಾದಿಸಿದ. ಎರಡನೆಯ ಗುಂಪನ್ನು ಸೇರಿಸಿಕೊಂಡದ್ದೇ ಅವನ ಹಿರಿಮೆ. ಏಕೆಂದರೆ ಇನ್ನೊಂದು ಮತದ ವಿಷಯದಲ್ಲಿ ನಾವೆಲ್ಲರೂ ಹೆಚ್ಚುಕಡಿಮೆ ಆ ಗುಂಪಿನವರೇ.

ಕ್ಯಾಥೊಲಿಕ್ ಚರ್ಚು ಕೂಡ 1964ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ ಮೂಲಕ, ತಮ್ಮದಲ್ಲದ ತಪ್ಪಿನಿಂದ ಸುವಾರ್ತೆಯನ್ನು ಅರಿಯದೆಯೂ ದೇವರನ್ನು ಪ್ರಾಮಾಣಿಕವಾಗಿ ಅರಸುತ್ತ ಅಂತಃಸಾಕ್ಷಿಯಂತೆ ನಡೆಯುವವರು ರಕ್ಷಣೆ ಪಡೆಯಬಲ್ಲರೆಂದು ಒಪ್ಪಿತು.

ಪುನರ್ಜನ್ಮವನ್ನು ನಂಬುವವರು ಹುಟ್ಟು ಆಕಸ್ಮಿಕವಲ್ಲ, ಕರ್ಮಫಲ ಎನ್ನುತ್ತಾರೆ. ಒಂದೇ ಬಾಳಿನ ಮೇಲೆ ಅನಂತದ ತೀರ್ಪು ಬೀಳದಿರುವುದು ಇದರಲ್ಲಿರುವ ದೊಡ್ಡ ಸಮಾಧಾನ. ಆದರೆ ಅದೇ ಮಾತು ಕಷ್ಟದಲ್ಲಿ ಹುಟ್ಟಿದವನ ಮೇಲೆಯೇ ಅಪರಾಧ ಹೊರಿಸಲೂ ಬಳಕೆಯಾಗಿದೆ, ಮತ್ತು ನೆನಪೇ ಇಲ್ಲದ ತಪ್ಪಿಗೆ ಹೊಣೆ ಹೊರುವುದು ಹೇಗೆಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ನಂಬಿಕೆಯೊಂದು ಹುಟ್ಟಿನಿಂದ ಬಂದಿದೆ ಎಂದಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಹಾಗಾಗುವುದಾದರೆ ನಾಸ್ತಿಕರ ಮನೆಯಲ್ಲಿ ಬೆಳೆದವರ ನಾಸ್ತಿಕತೆಯನ್ನೂ, ಎಲ್ಲ ಮತಗಳೂ ಸಮಾನವೆಂದು ಕಲಿತು ಬೆಳೆದವರ ನಿಲುವನ್ನೂ ಕೈಬಿಡಬೇಕಾಗುತ್ತದೆ. ಹುಟ್ಟಿನ ವಾದ ಮುಟ್ಟುವುದು ಸತ್ಯವನ್ನಲ್ಲ, ಶಿಕ್ಷೆಯನ್ನು. ನ್ಯಾಯವಂತನಾದ ದೇವರು ಇದ್ದಾನೆಂದು ನಂಬುವ ನಾನು, ಒಬ್ಬನ ಕಣ್ಣಿಗೆ ಬಿದ್ದಷ್ಟು ಸತ್ಯದ ಎದುರು ಅವನು ಹೇಗೆ ನಡೆದುಕೊಂಡ ಎಂಬುದನ್ನಷ್ಟೇ ಆ ದೇವರು ಕೇಳಬಲ್ಲನೆಂದು ತಿಳಿದಿದ್ದೇನೆ. ಹಾಗಿದ್ದರೆ ಧರ್ಮವನ್ನು ಸಾರುವುದೇಕೆ ಎಂದು ಕೆಲವರು ಕೇಳುತ್ತಾರೆ. ತನಗೆ ಒಳಿತೆಂದು ಕಂಡದ್ದನ್ನು ಪ್ರೀತಿಯಿಂದ ಹಂಚಿಕೊಳ್ಳಲು, ಕೇಳುವವನಿಗೆ ನರಕದ ಭಯ ಹುಟ್ಟಿಸಬೇಕಾಗಿಲ್ಲ.